ತೊಟ್ಟಿಗೆ ಇಬ್ಬರು ಕಾವಲುಗಾರರು



ನನ್ನ ಮುಂದೆ ಮೇಜಿನ ಮೇಲೆ ಒಂದು ಗಾಜಿನ ಕೊಳವೆ ಇದೆ. ನಿಮಗೆ ಕಾಣುವುದಿಲ್ಲವಲ್ಲ, ಹೇಳುತ್ತೇನೆ ಕೇಳಿ. ಒಂದೂವರೆ ಗೇಣು ಉದ್ದ. ಹೆಬ್ಬೆರಳಿನಷ್ಟು ದಪ್ಪ. ಮೇಲ್ತುದಿಗೆ ಕರೀ ಟೋಪಿ. ಟೋಪಿಯ ನೆತ್ತಿಯಲ್ಲಿ ತಿರುಗಿಸುವ ಒಂದು ಗುಂಡಿ. ಒಳಗೆ ಬಿಳೀ ಪಿಂಗಾಣಿಯ ಕಡ್ಡಿ, ಅದಕ್ಕೆ ಸುರುಳಿಯಾಗಿ ಸುತ್ತಿದ ಸಣ್ಣ ತಂತಿ. ಇದು ಮೀನಿನ ತೊಟ್ಟಿಯ ಹೀಟರು. ಕೆಟ್ಟು ವರ್ಷಗಳಾದವು. ಗುಜರಿಗೆ ಹಾಕಲು ಮನಸ್ಸು ಬಂದಿಲ್ಲ. ಆರು ಏಂಜೆಲ್ ಮೀನುಗಳನ್ನು ಕೊಂದ ಆರೋಪಿ ಇದು. ಎರಡನೇ ಆರೋಪಿ ನಾನು.

ನಾನು ಐಟಿಐಯಲ್ಲಿ ಹುಡುಗರಿಗೆ ಎಲೆಕ್ಟ್ರೀಷಿಯನ್ ಪಾಠ ಹೇಳಿ ನಿವೃತ್ತನಾದವನು. ಊರು ಹಾಸನ. ನಮ್ಮಲ್ಲಿ ಜನವರಿಯ ರಾತ್ರಿ ಹೇಗಿರುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಬೆಳಗಿನ ಜಾವಕ್ಕೆ 14 ಡಿಗ್ರಿ ಆಸುಪಾಸು. ಅದೇ ದಿನ ಮಧ್ಯಾಹ್ನ 27, 28. ಅಂಥ ಒಂದು ಬೆಳಿಗ್ಗೆ, ಆರು ಗಂಟೆಯ ಹೊತ್ತಿಗೆ, ನನ್ನ ಹೆಂಡತಿ ನಡುಮನೆಯಿಂದ ಕೂಗಿದಳು.

“ರೀ, ತೊಟ್ಟಿ ಗಾಜು ಬೆವತಿದೆಯಲ್ರೀ. ಬನ್ನಿ ಇಲ್ಲಿ.”

ಹೋಗಿ ನೋಡಿದೆ. ತೊಟ್ಟಿಯ ಮೇಲೆ ಮುಚ್ಚಿದ ಗಾಜಿನ ಒಳಮೈ ತುಂಬ ಹನಿ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಇರುತ್ತದಲ್ಲ, ಹಾಗೆ. ನೀರಿಗೆ ಕೈ ಹಾಕಿದೆ. ಮಗುವಿಗೆ ಎರೆಯುವ ನೀರಿನಷ್ಟು ಬೆಚ್ಚಗಿತ್ತು. ಚಳಿಯಲ್ಲಿ ಆ ನೀರು ಕೈಗೆ ಹಿತವಾಗಿತ್ತು, ಅದೇ ಕೇಡು. ಥರ್ಮಾಮೀಟರು 36 ತೋರಿಸುತ್ತಿತ್ತು. ನಾನು ಇಟ್ಟಿದ್ದು 26ಕ್ಕೆ. ಐದು ಏಂಜೆಲ್‌ಗಳು ಅಡ್ಡ ಬಿದ್ದಿದ್ದವು. ಆರನೆಯದು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಪಟಪಟನೆ ಉಸಿರೆಳೆಯುತ್ತಿತ್ತು. ಅದೂ ಮಧ್ಯಾಹ್ನದ ಹೊತ್ತಿಗೆ ಹೋಯಿತು. ಉಳಿದದ್ದು ಗಾಜಿಗೆ ಕಚ್ಚಿಕೊಂಡಿದ್ದ ಒಂದು ಸಕ್ಕರ್ ಮೀನು ಮಾತ್ರ.

ಇಲ್ಲಿ ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಸ್ವಿಚ್ ಆಫ್ ಮಾಡದೆ ನೀರಿಗೆ ಕೈ ಹಾಕಿದೆ. ಜೀವನವಿಡೀ “ಮೊದಲು ಸ್ವಿಚ್ಚು, ಆಮೇಲೆ ಕೈ” ಎಂದು ಹುಡುಗರ ಕಿವಿ ಹಿಂಡಿದವನು ನಾನು. ಗಾಬರಿಯಲ್ಲಿ ಪಾಠ ಮರೆತೇಹೋಯಿತು. ನೀವು ಮರೆಯಬೇಡಿ.

ಈ ಹತ್ತು ಹದಿನೈದು ನಿಮಿಷ ನಾನು ಹೇಳಬೇಕೆಂದಿರುವುದು ಇಷ್ಟೇ. ಮೀನಿನ ತೊಟ್ಟಿಯ ಬಿಸಿಯನ್ನು ಒಬ್ಬ ಕಾವಲುಗಾರನ ಕೈಗೆ ಬಿಡಬಾರದು. ಇಬ್ಬರು ಬೇಕು. ಎರಡನೆಯವನ ಹೆಸರು ಟೆಂಪರೇಚರ್ ಕಂಟ್ರೋಲರ್.

ಮೊದಲು, ಮೀನಿಗೆ ಬಿಸಿ ಯಾಕೆ ಬೇಕು ಎಂಬುದು. ನಮ್ಮ ಮೈ ತನ್ನ ಬಿಸಿಯನ್ನು ತಾನೇ ಮಾಡಿಕೊಳ್ಳುತ್ತದೆ. ಮೀನಿಗೆ ಆ ಅನುಕೂಲ ಇಲ್ಲ. ನೀರು ಎಷ್ಟೋ ಮೀನಿನ ಮೈಯೂ ಅಷ್ಟೇ. ಏಂಜೆಲ್, ಡಿಸ್ಕಸ್, ನಿಯಾನ್ ಟೆಟ್ರಾ, ಇವೆಲ್ಲ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಕಡೆಯವು. ಏಂಜೆಲ್‌ಗೆ 26 ಡಿಗ್ರಿ ಹಿತ. ಡಿಸ್ಕಸ್‌ಗೆ 28ರಿಂದ 30 ಬೇಕು. ನೀರು ತಣ್ಣಗಾದರೆ ಮೇವು ಅರಗುವುದಿಲ್ಲ, ಮೈಯ ಕಸುವು ಕುಗ್ಗುತ್ತದೆ. ಒಂದು ರಾತ್ರಿ ಥಟ್ಟನೆ ಚಳಿ ಬಿದ್ದರೆ ಕೆಲವೇ ದಿನಗಳಲ್ಲಿ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಏಳುವುದುಂಟು. ಮೀನು ಸಾಕಿದವರಿಗೆಲ್ಲ ಗೊತ್ತಿರುವ ವೈಟ್ ಸ್ಪಾಟ್ ರೋಗ ಅದು.

ಹಾಗೆಂದು ಎಲ್ಲರೂ ಹೀಟರಿಗೆ ಓಡಬೇಕಾಗಿಲ್ಲ. ಮಂಗಳೂರು, ಉಡುಪಿ, ಕಾರವಾರದವರೇ, ನಿಮ್ಮ ಮನೆಯ ನೀರು ವರ್ಷದ ಬಹುಪಾಲು ತಾನಾಗಿಯೇ ಬೆಚ್ಚಗಿರುತ್ತದೆ. ಗೋಲ್ಡ್ ಫಿಶ್ ಸಾಕಿದವರಿಗೂ ಬೇಡ, ಅದು ತಂಪಿನ ಮೀನು. ನಮ್ಮ ಪಶ್ಚಿಮ ಘಟ್ಟದ್ದೇ ಒಂದು ಚೆಲುವೆ ಇದೆ, ಅಂಗಡಿಯಲ್ಲಿ ‘ಮಿಸ್ ಕೇರಳ’ ಎನ್ನುತ್ತಾರೆ. ಮೈಯುದ್ದಕ್ಕೂ ಕಪ್ಪು ಗೆರೆ, ಅದರ ಮೇಲೆ ಮೂತಿಯಿಂದ ನಡುವಿನವರೆಗೆ ಕೆಂಪು ಗೆರೆ. ಹರಿಯುವ ತಂಪು ತೊರೆಯ ಮೀನು ಅದು. ಅದರ ತೊಟ್ಟಿಗೆ ಹೀಟರು ಇಳಿಬಿಡುವುದು ಬೇಸಿಗೆಯಲ್ಲಿ ಕಂಬಳಿ ಹೊದಿಸಿದ ಹಾಗೆ. ಈ ಮಾತು ಬೇಕಾಗಿರುವುದು ಹಾಸನ, ಚಿಕ್ಕಮಗಳೂರು, ಮಡಿಕೇರಿ, ಬೆಂಗಳೂರು, ಅತ್ತ ಬೀದರದವರಿಗೆ. ರಾತ್ರಿಗೂ ಹಗಲಿಗೂ ಹತ್ತು ಹನ್ನೆರಡು ಡಿಗ್ರಿ ಅಂತರ ಇರುವ ಊರುಗಳವರಿಗೆ.

ಸರಿ. ಮೀನಿಗೆ ಹದವಾದ ಬಿಸಿ ಬೇಕು, ಚಳಿಯ ಊರುಗಳಲ್ಲಿ ಹೀಟರು ಬೇಕು. ಇಲ್ಲಿಗೆ ಬಂದೆವು. ಇನ್ನು ಹೀಟರಿನ ಹೊಟ್ಟೆಯೊಳಗೆ ಏನಿದೆ ನೋಡೋಣ.

ಅದರಲ್ಲಿ ಆಗಲೇ ಒಬ್ಬ ಕಾವಲುಗಾರ ಇದ್ದಾನೆ. ಥರ್ಮೋಸ್ಟಾಟ್. ಸಾಮಾನ್ಯ ಹೀಟರಿನಲ್ಲಿ ಇದು ಒಂದು ಜೋಡಿ ಲೋಹದ ಪಟ್ಟಿ. ಎರಡು ಬೇರೆ ಬೇರೆ ಲೋಹಗಳನ್ನು ಬೆನ್ನಿಗೆ ಬೆನ್ನು ಅಂಟಿಸಿರುತ್ತಾರೆ. ಬಿಸಿ ತಗುಲಿದಾಗ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಆಗ ಪಟ್ಟಿ ಬಾಗಲೇಬೇಕು. ಬಾಗಿದಾಗ ಕರೆಂಟಿನ ದಾರಿ ಕಡಿಯುತ್ತದೆ. ತಣ್ಣಗಾದರೆ ನೆಟ್ಟಗಾಗಿ ಮತ್ತೆ ಕೂಡುತ್ತದೆ. ನಿಮ್ಮ ಮನೆಯ ಆಟೊಮ್ಯಾಟಿಕ್ ಇಸ್ತ್ರಿಪೆಟ್ಟಿಗೆ ಟಿಕ್ ಎನ್ನುತ್ತದಲ್ಲ, ಅಲ್ಲಿರುವುದೂ ಇವನೇ.

ತುಂಬ ಹಳೆಯ ಬುದ್ಧಿ ಇದು. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಹಡಗಿನ ಗಡಿಯಾರಕ್ಕೆಂದು ಹಿತ್ತಾಳೆ ಮತ್ತು ಉಕ್ಕಿನ ಇಂಥ ಪಟ್ಟಿ ಮಾಡಿದ. ಬಿಸಿಗೆ ಗಡಿಯಾರ ಹಿಂದೆ ಬೀಳದಿರಲಿ ಎಂದು. ಥರ್ಮೋಸ್ಟಾಟ್ ಎಂಬ ಹೆಸರನ್ನು 1830ರಲ್ಲಿ ತನ್ನ ಪೇಟೆಂಟಿನಲ್ಲಿ ಬರೆದವನು ಸ್ಕಾಟ್ಲೆಂಡಿನ ಆಂಡ್ರೂ ಯೂರ್. ಅವನಿಗಿಂತ ಇನ್ನೂರು ವರ್ಷ ಮೊದಲೇ ಹಾಲೆಂಡಿನ ಕಾರ್ನೆಲಿಸ್ ಡ್ರೆಬೆಲ್ ಕೋಳಿಮೊಟ್ಟೆಗೆ ಕಾವು ಕೊಡುವ ಒಲೆ ಮಾಡಿ, ಬೆಂಕಿ ಹೆಚ್ಚಾದರೆ ತಾನೇ ತಗ್ಗುವ ಏರ್ಪಾಡು ಮಾಡಿದ್ದ. ಕೋಳಿ ಕಾವಿನ ಮೇಲಿಂದ ಏಳುವ ಸಮಯ ಅದಕ್ಕೇ ಗೊತ್ತು, ಒಲೆಗೆ ಅದನ್ನು ಯಾರು ಕಲಿಸಬೇಕು? ಅವನು ಕಲಿಸಿದ.

ಪಟ್ಟಿಯಿಂದ ಕರೆಂಟಿನ ದಾರಿ ಕಡಿಯುತ್ತದೆ, ಕೂಡುತ್ತದೆ ಎಂದೆ. ತೊಂದರೆ ಇರುವುದು ಆ ಕಡಿಯುವ ಜಾಗದಲ್ಲೇ.

ಅಲ್ಲಿ ಎರಡು ಸಣ್ಣ ಲೋಹದ ಚುಕ್ಕಿಗಳು ಒಂದಕ್ಕೊಂದು ಮುಟ್ಟಿಕೊಂಡಿರುತ್ತವೆ. ಕಾಂಟ್ಯಾಕ್ಟ್ ಪಾಯಿಂಟ್ ಎನ್ನುತ್ತೇವೆ. ಅವು ಬೇರೆಯಾಗುವಾಗಲೆಲ್ಲ ನಡುವೆ ಒಂದು ಕಿಡಿ ಹಾರುತ್ತದೆ. ಪಟ್ಟಿ ನಿಧಾನವಾಗಿ ಬಾಗುವುದರಿಂದ ಕಿಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ದಿನಕ್ಕೆ ಎಷ್ಟೋ ಸಲ. ತಿಂಗಳಿಗೆ ಎಷ್ಟೋ ನೂರು ಸಲ. ಚುಕ್ಕಿಗಳ ಮುಖ ಸಿಡುಬು ಬಂದಂತಾಗುತ್ತದೆ. ಒಂದು ದಿನ ಕಿಡಿಯ ಬಿಸಿಗೆ ಲೋಹ ಕರಗಿ, ಎರಡೂ ಬೆಸೆದುಕೊಂಡುಬಿಡುತ್ತವೆ. ಆಮೇಲೆ ಪಟ್ಟಿ ಎಷ್ಟು ಎಳೆದರೂ ಬಿಡುವುದಿಲ್ಲ. ಹೀಟರು ಉರಿಯುತ್ತಲೇ ಇರುತ್ತದೆ.

ನನ್ನ ಹೀಟರಿಗೆ ಆದದ್ದು ಅದೇ. ಟೋಪಿ ಕಿತ್ತು, ಭೂತಗನ್ನಡಿ ಇಟ್ಟು ನೋಡಿದೆ. ಎರಡು ಚುಕ್ಕಿಗಳ ನಡುವೆ ಎಳ್ಳಿನ ಕಾಲುಭಾಗದಷ್ಟು ಬೂದುಬಣ್ಣದ ಮಣಿ. ಉಗುರಿನಿಂದ ಮೀಟಿದೆ. ಟಕ್ಕೆಂದು ಬಿಟ್ಟುಕೊಂಡಿತು. ಆರು ಮೀನಿನ ಜೀವ ಆ ಮಣಿಯಲ್ಲಿತ್ತು.

ಹೀಟರು ಕೆಡುವುದು ಎರಡು ಬಗೆ. ಆರಿದ ಹಾಗೇ ಕೆಡುವುದು ಒಂದು. ಉರಿದ ಹಾಗೇ ಕೆಡುವುದು ಇನ್ನೊಂದು. ಆರಿದ ಹಾಗೇ ಕೆಟ್ಟರೆ ನೀರು ಮೆಲ್ಲಗೆ ತಣಿಯುತ್ತದೆ. ಬೆಳಿಗ್ಗೆ ಎದ್ದು ನೋಡುತ್ತೀರಿ, ಮೀನು ಮಂಕಾಗಿ ತಳದಲ್ಲಿ ಕೂತಿರುತ್ತದೆ. ಸರಿಪಡಿಸಿಕೊಳ್ಳಲು ಸಮಯ ಇದೆ. ಉರಿದ ಹಾಗೇ ಕೆಟ್ಟರೆ ಆ ಸಮಯ ಸಿಗುವುದಿಲ್ಲ. ಬಿಸಿಯಾದಷ್ಟೂ ನೀರು ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. 25 ಡಿಗ್ರಿಯಲ್ಲಿ ಒಂದು ಲೀಟರಿಗೆ ಸುಮಾರು 8 ಮಿಲಿಗ್ರಾಂ ಹಿಡಿಯುವ ನೀರು, 35ರಲ್ಲಿ 7ಕ್ಕೆ ಇಳಿಯುತ್ತದೆ. ಹೆಚ್ಚೇನಲ್ಲ ಅನ್ನಿಸಬಹುದು. ಆದರೆ ಅದೇ ಹತ್ತು ಡಿಗ್ರಿಗೆ ಮೀನಿನ ಉಸಿರಿನ ಬೇಡಿಕೆ ಹೆಚ್ಚೂಕಡಿಮೆ ಇಮ್ಮಡಿ ಆಗುತ್ತದೆ. ಸಂಬಳ ಇಳಿದ ತಿಂಗಳೇ ಮನೆಬಾಡಿಗೆ ದುಪ್ಪಟ್ಟಾದ ಹಾಗೆ.

ಇದುವರೆಗೆ ಹೇಳಿದ್ದರ ಸಾರ ಇದು. ಹೀಟರಿನೊಳಗೆ ಒಬ್ಬ ಕಾವಲುಗಾರ ಇದ್ದಾನೆ. ಅವನು ಸಾಮಾನ್ಯವಾಗಿ ನಂಬಿಗಸ್ತ. ಆದರೆ ಅವನು ತಪ್ಪಿದ ದಿನ ಕೇಳುವವರಿಲ್ಲ. ಈಗ ಎರಡನೆಯವನ ಕಡೆ ಬರೋಣ.

ಅಂಗಡಿಗೆ ಹೋಗಿ ಕಂಟ್ರೋಲರ್ ಕೇಳಿದಾಗ ಅಲ್ಲಿಯ ಹುಡುಗ ನಕ್ಕ. “ಮೇಷ್ಟ್ರೇ, ಹೀಟರಲ್ಲೇ ಥರ್ಮೋಸ್ಟಾಟ್ ಇದೆಯಲ್ಲ. ಸುಮ್ನೆ ಯಾಕೆ ದುಡ್ಡು ದಂಡ?”

“ರಾತ್ರಿ ನಿನ್ನ ಅಂಗಡಿ ಷಟರಿಗೆ ಎಷ್ಟು ಬೀಗ ಹಾಕ್ತೀಯಪ್ಪ?” ಅಂದೆ.

“ಆ ಕಡೆ ಒಂದು, ಈ ಕಡೆ ಒಂದು.”

“ಒಂದೇ ಸಾಕಲ್ಲ?”

ಅವನು ತಲೆ ಕೆರೆದುಕೊಂಡು ಕಪಾಟಿನಿಂದ ಡಬ್ಬ ತೆಗೆದ.

ಅಂಗಡಿಯ ಬೀಗವೇ ಯಾಕೆ, ನಿಮ್ಮ ಅಡುಗೆಮನೆಯಲ್ಲೇ ನೋಡಿ. ಪ್ರೆಷರ್ ಕುಕ್ಕರಿಗೆ ಸೀಟಿ ಹಾಕುವ ಗುಂಡು ಇದೆ. ಅದರ ಪಕ್ಕದಲ್ಲಿ ಸೇಫ್ಟಿ ವಾಲ್ವ್ ಇದೆ. ದಿನಾ ಕೆಲಸ ಮಾಡುವುದು ಗುಂಡು. ಗುಂಡಿನ ದಾರಿಗೆ ಬೇಳೆ ಸಿಕ್ಕಿಕೊಂಡ ದಿನ ಪ್ರಾಣ ಉಳಿಸುವುದು ವಾಲ್ವ್. ಬಚ್ಚಲಿನ ಗೀಸರಿನಲ್ಲೂ ಅಷ್ಟೇ. ಥರ್ಮೋಸ್ಟಾಟ್ ಒಂದು, ಅದು ಕೈಕೊಟ್ಟರೆ ಕರೆಂಟು ಕಡಿಯಲು ಥರ್ಮಲ್ ಕಟ್‌ಔಟ್ ಇನ್ನೊಂದು. ಮನುಷ್ಯರು ಮೀಯುವ ನೀರಿಗೆ ಇಬ್ಬರು ಕಾವಲು. ಮೀನು ಬಾಳುವ ನೀರಿಗೆ ಮಾತ್ರ ಒಬ್ಬ!

ಕಂಟ್ರೋಲರ್ ಎಂದರೆ ಏನು, ಹೇಗಿರುತ್ತದೆ? ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ. ಮುಖದ ಮೇಲೆ ಕೆಂಪು ಅಂಕಿಗಳು ಹೊಳೆಯುತ್ತಿರುತ್ತವೆ, ನೀರಿನ ಬಿಸಿ ಎಷ್ಟೆಂದು. ಕೆಳಗೆ ಮೂರ್ನಾಲ್ಕು ಗುಂಡಿ. ಡಬ್ಬಿಯಿಂದ ಒಂದು ತೆಳು ವೈರು ಹೊರಟು ತೊಟ್ಟಿಗೆ ಇಳಿಯುತ್ತದೆ. ಅದರ ತುದಿಯಲ್ಲಿ ಬೆಂಕಿಕಡ್ಡಿಯ ಅರ್ಧದಷ್ಟು ಉದ್ದದ ಒಂದು ಮೋಟು ಕಡ್ಡಿ. ಇದಕ್ಕೆ ಪ್ರೋಬ್ ಅಥವಾ ಸೆನ್ಸರ್ ಎನ್ನುತ್ತಾರೆ. ಒಳಗಿರುವುದು ಥರ್ಮಿಸ್ಟರ್. ಬಿಸಿ ಏರಿದಂತೆ ಇದರ ವಿದ್ಯುತ್ ತಡೆ ಇಳಿಯುತ್ತದೆ. ಆ ಇಳಿತವನ್ನು ಅಳೆದು ಡಬ್ಬಿ ಡಿಗ್ರಿಯ ಲೆಕ್ಕ ಹಾಕುತ್ತದೆ. ಹೀಟರಿನ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಹಾಕುವ ಬದಲು ಈ ಡಬ್ಬಿಯ ಸಾಕೆಟ್ಟಿಗೆ ಹಾಕುತ್ತೀರಿ. ಒಳಗೆ ರಿಲೇ ಎಂಬ ಸ್ವಿಚ್ಚಿದೆ. ಲೆಕ್ಕ ನೋಡಿಕೊಂಡು ಅದು ಹೀಟರನ್ನು ಹಾಕುತ್ತದೆ, ತೆಗೆಯುತ್ತದೆ.

ಇನ್ನೊಂದು ಬಗೆ ಇದೆ. ಎಸ್‌ಟಿಸಿ 1000 ಎಂಬ ಮಾದರಿ ಅಂಗಡಿಗಳಲ್ಲಿ ಸಿಗುತ್ತದೆ. ಬೆಲೆ ಕಡಿಮೆ. ಆದರೆ ಅದಕ್ಕೆ ಪ್ಲಗ್ಗೂ ಇಲ್ಲ, ಸಾಕೆಟ್ಟೂ ಇಲ್ಲ. ಬೆನ್ನಿನ ಮೇಲೆ ಎಂಟು ಸ್ಕ್ರೂಗಳು ಬರಿಮೈಯಲ್ಲಿ ನಿಂತಿರುತ್ತವೆ. ಅವುಗಳಲ್ಲಿ ಕೆಲವಕ್ಕೆ ಮನೆಯ 230 ವೋಲ್ಟ್ ಬಂದು ಸೇರುತ್ತದೆ. ನೀರಿನ ಪಕ್ಕದಲ್ಲಿ ಅದನ್ನು ಹಾಗೇ ಇಡುವುದು ಸಾವಿಗೆ ಮಣೆ ಹಾಕಿದ ಹಾಗೆ. ವೈರಿಂಗ್ ಬಲ್ಲವರು ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿ, ಅರ್ಥಿಂಗ್ ಕೊಟ್ಟು, ಆಮೇಲೆ ಬಳಸಲಿ. ಉಳಿದವರು ನಾಲ್ಕು ಕಾಸು ಹೆಚ್ಚು ಕೊಟ್ಟು ಪ್ಲಗ್ಗು ಸಾಕೆಟ್ಟು ಇರುವುದನ್ನೇ ತನ್ನಿ.

ಕಂಟ್ರೋಲರ್ ಏನೆಂದು ತಿಳಿಯಿತು. ಈಗ ಇಬ್ಬರನ್ನೂ ಕೆಲಸಕ್ಕೆ ನಿಲ್ಲಿಸುವುದು ಹೇಗೆ? ಹೆಚ್ಚಿನವರು ಎಡವುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಮಗೆ ಬೇಕಾದದ್ದು 26 ಡಿಗ್ರಿ. ಕಂಟ್ರೋಲರನ್ನು 26ಕ್ಕೆ ಇಡಿ. ಹೀಟರಿನ ಗುಂಡಿಯನ್ನು 28ಕ್ಕೆ ಇಡಿ. ಎರಡೂ ಒಂದೇ ಸಾಲಿನಲ್ಲಿವೆ. ಕರೆಂಟು ಮೊದಲು ಕಂಟ್ರೋಲರನ್ನು ದಾಟಬೇಕು, ಆಮೇಲೆ ಹೀಟರಿನ ಥರ್ಮೋಸ್ಟಾಟನ್ನು ದಾಟಬೇಕು. ಇಬ್ಬರಲ್ಲಿ ಯಾರು ಬೇಡ ಎಂದರೂ ಕರೆಂಟು ನಿಲ್ಲುತ್ತದೆ. ದಿನನಿತ್ಯ 26ಕ್ಕೆ ಕಂಟ್ರೋಲರ್ ನಿಲ್ಲಿಸುತ್ತದೆ. ಅದರ ರಿಲೇ ಅಂಟಿಕೊಂಡಿತು ಅನ್ನಿ, ನೀರು 28 ಮುಟ್ಟುವಾಗ ಹೀಟರಿನವನು ಎದ್ದು ಕೈ ಅಡ್ಡ ಹಾಕುತ್ತಾನೆ. ಅವನ ಚುಕ್ಕಿಗಳು ಬೆಸೆದುಕೊಂಡಿದ್ದರೆ 26ಕ್ಕೇ ಕಂಟ್ರೋಲರ್ ಇದ್ದೇ ಇದೆ.

ಕೆಲವರು ಹೀಟರಿನ ಗುಂಡಿಯನ್ನು ತುತ್ತತುದಿಗೆ, 34ಕ್ಕೆ, ತಿರುಗಿಸಿಬಿಡುತ್ತಾರೆ. “ಕಂಟ್ರೋಲರ್ ಇದೆಯಲ್ಲ, ಹೀಟರಿನದ್ದು ಯಾಕೆ?” ಎಂದು. ಅಲ್ಲಿಗೆ ಒಬ್ಬ ಕಾವಲುಗಾರನನ್ನು ಮನೆಗೆ ಕಳಿಸಿದ ಹಾಗಾಯಿತು. ಇನ್ನು ಕೆಲವರು ಎರಡನ್ನೂ 26ಕ್ಕೇ ಇಡುತ್ತಾರೆ. ಆಗ ಇಬ್ಬರೂ ಒಂದೇ ಬಾಗಿಲಲ್ಲಿ ನೂಕಾಡುತ್ತಾರೆ. ಹೀಟರಿನ ಚುಕ್ಕಿಗಳು ಮತ್ತೆ ಕಿಡಿ ಕಾರುತ್ತ ಸವೆಯುತ್ತವೆ. ಎರಡು ಡಿಗ್ರಿ ಅಂತರ ಇದ್ದರೆ ಹೀಟರಿನವನಿಗೆ ದಿನವೂ ಕೆಲಸವಿಲ್ಲ. ಕಿಡಿ ಇಲ್ಲ, ಸವೆತ ಇಲ್ಲ.

ವ್ಯತ್ಯಾಸ ಎಂಬ ಇನ್ನೊಂದು ಲೆಕ್ಕ ಕಂಟ್ರೋಲರಿನಲ್ಲಿದೆ. 26ಕ್ಕೆ ಆರಿದ ಹೀಟರು ಎಷ್ಟಕ್ಕೆ ಇಳಿದಾಗ ಮತ್ತೆ ಹತ್ತಬೇಕು? ಅರ್ಧ ಡಿಗ್ರಿ ಇಡಿ. ಅಂದರೆ ಇಪ್ಪತ್ತೈದೂವರೆಗೆ ಹತ್ತುತ್ತದೆ. ತೀರಾ ಕಡಿಮೆ ಇಟ್ಟರೆ ರಿಲೇ ಮಿಡತೆಯ ಹಾಗೆ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ, ಬೇಗ ಸವೆಯುತ್ತದೆ. ಅರ್ಧ ಡಿಗ್ರಿಯ ಏರಿಳಿತ ಮೀನಿಗೆ ಲೆಕ್ಕಕ್ಕೇ ಇಲ್ಲ.

ಕೊಂಡ ದಿನವೇ ಇನ್ನೆರಡು ಸಂಗತಿ ನೋಡಿಕೊಳ್ಳಿ. ಅಂಕಿಯ ಪಕ್ಕದಲ್ಲಿ ಸಿ ಇದೆಯೋ ಎಫ್ ಇದೆಯೋ? ಕೆಲವು ಡಬ್ಬಿಗಳು ಫ್ಯಾರನ್‌ಹೀಟಿನಲ್ಲಿ ಬರುತ್ತವೆ. ಅದರಲ್ಲಿ 26 ಎಂದರೆ ಮಂಜುಗಡ್ಡೆಗಿಂತ ತಣ್ಣಗೆ. ಎರಡನೆಯದು, ಸಾಕೆಟ್ಟು ಎರಡಿದ್ದರೆ ಒಂದು ಬಿಸಿ ಮಾಡುವುದಕ್ಕೆ, ಇನ್ನೊಂದು ತಂಪು ಮಾಡುವುದಕ್ಕೆ. ಹೀಟರನ್ನು ತಂಪಿನ ಸಾಕೆಟ್ಟಿಗೆ ಹಾಕಿದರೆ ಏನಾಗುತ್ತದೆ? ನೀರು ಬಿಸಿಯಾದಾಗ ಹೀಟರು ಹತ್ತುತ್ತದೆ! ಬೆಂಕಿ ಆರಿಸಲು ಸೀಮೆಎಣ್ಣೆ ಸುರಿದ ಹಾಗೆ. ನಗಬೇಡಿ, ಪರಿಚಯದವರೊಬ್ಬರ ಮನೆಯಲ್ಲಿ ಆಗಿದೆ. ಅವರು ಹೀಟರಿನ ಗುಂಡಿ 28ರಲ್ಲಿ ಇಟ್ಟಿದ್ದರಿಂದ ಮೀನು ಬದುಕಿದವು.

ಕಂಟ್ರೋಲರ್ 26, ಹೀಟರು 28, ವ್ಯತ್ಯಾಸ ಅರ್ಧ. ಇಷ್ಟು ನೆನಪಿರಲಿ. ಮುಂದಿನದು ಪ್ರೋಬ್.

ಕಂಟ್ರೋಲರಿಗೆ ಕಣ್ಣಿಲ್ಲ. ಆ ಪ್ರೋಬೇ ಅದರ ಕಣ್ಣು, ಕೈ, ಎಲ್ಲ. ಪ್ರೋಬ್ ಇರುವಲ್ಲಿಯ ಬಿಸಿಯನ್ನೇ ಅದು ತೊಟ್ಟಿಯ ಬಿಸಿ ಎಂದು ನಂಬುತ್ತದೆ. ತೊಟ್ಟಿಯ ಗಾಜಿಗೆ ಪ್ರೋಬನ್ನು ಅಂಟಿಸಿ ಹಿಡಿದಿರುವುದು ಒಂದು ರಬ್ಬರ್ ಬಟ್ಟಲು. ವರ್ಷ ಕಳೆದರೆ ಅದು ಕಲ್ಲಾಗಿ ಕಳಚಿಕೊಳ್ಳುತ್ತದೆ. ಪ್ರೋಬ್ ತಳಕ್ಕೆ ಬಿದ್ದರೆ ಚಿಂತೆಯಿಲ್ಲ. ನೀರಿನಿಂದ ಹೊರಗೆ ಬಿದ್ದರೆ? ಜನವರಿಯ ರಾತ್ರಿ ಮನೆಯ ಗಾಳಿ 18 ಡಿಗ್ರಿ. ಕಂಟ್ರೋಲರ್ ಅಯ್ಯೋ ನೀರು ತಣ್ಣಗಾಯಿತು ಎಂದುಕೊಂಡು ಹೀಟರನ್ನು ಉರಿಸುತ್ತಲೇ ಇರುತ್ತದೆ. ಯಂತ್ರ ಕೆಟ್ಟಿಲ್ಲ ನೋಡಿ. ತನಗೆ ತೋರಿದ್ದನ್ನು ಪ್ರಾಮಾಣಿಕವಾಗಿ ಮಾಡುತ್ತಿದೆ. ಇಂಥ ಹೊತ್ತಿಗೇ 28ರ ಕಾವಲುಗಾರ ಬೇಕು. ಅವನು ಪ್ರೋಬಿನ ಮಾತು ಕೇಳುವವನಲ್ಲ. ತನ್ನ ಗಾಜಿಗೆ ತಾಗಿದ ನೀರನ್ನೇ ನಂಬುವವನು. ಒಂದೇ ಪ್ರೋಬ್ ನಂಬಿದ ಇಬ್ಬರು ಕಾವಲುಗಾರರು ಲೆಕ್ಕದಲ್ಲಿ ಒಬ್ಬನೇ.

ಪ್ರೋಬನ್ನು ಹೀಟರಿನ ಬಗಲಲ್ಲಿ ಇಡಬೇಡಿ. ಅಲ್ಲಿಯ ನೀರು ಬೇಗ ಬಿಸಿಯಾಗಿ, ಆ ಕಡೆಯ ಮೂಲೆ ಇನ್ನೂ ತಣ್ಣಗಿರುವಾಗಲೇ ಹೀಟರು ಆರುತ್ತದೆ. ಹೀಟರು ಒಂದು ತುದಿಗೆ, ಪ್ರೋಬ್ ಇನ್ನೊಂದು ತುದಿಗೆ, ನಡುವೆ ಫಿಲ್ಟರಿನಿಂದ ನೀರು ಓಡಾಡುತ್ತಿರಲಿ. ರಬ್ಬರ್ ಬಟ್ಟಲನ್ನು ನಂಬದೆ ವೈರನ್ನು ಒಂದು ಪ್ಲಾಸ್ಟಿಕ್ ಕಟ್ಟಿನಿಂದ ಫಿಲ್ಟರಿನ ಕೊಳವೆಗೆ ಬಿಗಿದುಬಿಡಿ. ನೀರು ಬದಲಿಸುವಾಗ ಅರ್ಧ ತೊಟ್ಟಿ ಖಾಲಿಯಾದರೂ ಪ್ರೋಬ್ ಮುಳುಗಿರುವಷ್ಟು ಆಳದಲ್ಲಿ.

ನೀರು ಬದಲಿಸುವ ಮಾತು ಬಂತು. ಹೀಟರಿನ ಪ್ಲಗ್ ಕಿತ್ತು, ಕಾಲು ಗಂಟೆ ಕಾದು, ಆಮೇಲೆ ನೀರು ತೆಗೆಯಿರಿ. ನೀರಿಲ್ಲದೆ ಉರಿದ ಗಾಜು ಕೆಂಡದಂತೆ ಕಾದಿರುತ್ತದೆ. ಅದರ ಮೇಲೆ ತಣ್ಣೀರು ಬಿದ್ದರೆ ಚಟ್ಟೆಂದು ಒಡೆಯುತ್ತದೆ. ಒಡೆದ ಹೀಟರು ಎಂದರೆ ನೀರಿನಲ್ಲಿ ಬರಿಮೈ ತಂತಿ.

ಪ್ರೋಬಿನ ಮಾತು ಆಯಿತು. ಇನ್ನು ಹೀಟರಿನ ಗಾತ್ರ. ನನ್ನನ್ನು ಎರಡನೇ ಆರೋಪಿ ಎಂದೆನಲ್ಲ, ಅದರ ಕಾರಣ ಇಲ್ಲಿದೆ.

ನನ್ನ ತೊಟ್ಟಿ ಮೂರಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರ. ಹಿಡಿಯುವ ನೀರು ಸುಮಾರು 100 ಲೀಟರ್. ಅದಕ್ಕೆ ನಾನು ತಂದದ್ದು 300 ವ್ಯಾಟಿನ ಹೀಟರು. ದೊಡ್ಡದಾದರೆ ಬೇಗ ಕಾಯುತ್ತದೆ ಎಂಬ ಆಸೆ. ನೂರು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 300 ವ್ಯಾಟಿಗೆ ಹೆಚ್ಚೆಂದರೆ 25 ನಿಮಿಷ. 100 ವ್ಯಾಟಿಗೆ ಒಂದು ಗಂಟೆ ಹತ್ತು ನಿಮಿಷ. ಇದು ಗಾಜಿನಿಂದ ಸೋರುವ ಬಿಸಿಯನ್ನು ಲೆಕ್ಕಕ್ಕೆ ಹಿಡಿಯದೆ ಹೇಳಿದ್ದು. ಸೋರುವುದನ್ನೂ ಹಿಡಿದರೆ ಇನ್ನೂ ಸ್ವಾರಸ್ಯ. ಅದೇ ರಾತ್ರಿ ಅದೇ ತೊಟ್ಟಿಯಲ್ಲಿ 100 ವ್ಯಾಟಿನ ಹೀಟರು ಉರಿದ ಹಾಗೇ ಕೆಟ್ಟಿದ್ದರೆ, ನನ್ನ ಲೆಕ್ಕದ ಪ್ರಕಾರ, ಬೆಳಿಗ್ಗೆ ನೀರು 28ರ ಆಚೀಚೆ ನಿಂತಿರುತ್ತಿತ್ತು. ಅದು ಕಾಯಿಸಿದಷ್ಟನ್ನು ಚಳಿ ಕದ್ದುಕೊಳ್ಳುತ್ತಿತ್ತು. ಮೀನು ಉಳಿಯುತ್ತಿದ್ದವು. ಇದನ್ನು ಕಾಗದದ ಮೇಲೆ ಹಾಕಿದ್ದು ಮೀನು ಸತ್ತ ಮೇಲೆ. ಮೊದಲೇ ಹಾಕಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಹಾಕಲಿಲ್ಲ.

ಲೀಟರಿಗೆ ಒಂದು ವ್ಯಾಟ್. ನಮ್ಮ ಕಡೆಯ ಚಳಿಗೆ ಅಷ್ಟು ಸಾಕು. ತೊಟ್ಟಿ ದೊಡ್ಡದಿದ್ದರೆ ಒಂದು ದೊಡ್ಡ ಹೀಟರಿಗಿಂತ ಎರಡು ಚಿಕ್ಕವು ಮೇಲು. ಒಂದು ಉರಿದ ಹಾಗೇ ಕೆಟ್ಟರೂ ನೀರು ಕುದಿಸುವ ತಾಕತ್ತು ಅದಕ್ಕಿಲ್ಲ. ಒಂದು ಆರಿದ ಹಾಗೇ ಕೆಟ್ಟರೆ ಇನ್ನೊಂದು ಬೆಳಗಿನವರೆಗೆ ಹಿಡಿದುಕೊಳ್ಳುತ್ತದೆ.

ಕರೆಂಟಿನ ಮಾತು ಬೇಗ ಮುಗಿಸುತ್ತೇನೆ. ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ನೋಡಿ. ಎಂಸಿಬಿ ಬೇರೆ, ಆರ್‌ಸಿಸಿಬಿ ಬೇರೆ. ಎಂಸಿಬಿ ಕಾಯುವುದು ವೈರನ್ನು. ಆರ್‌ಸಿಸಿಬಿ ಕಾಯುವುದು ನಿಮ್ಮನ್ನು. ತೊಟ್ಟಿಯಿಂದ ಬರುವ ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು, ಅಲ್ಲಿಂದ ಮೇಲೆ ಹೋಗಲಿ. ವೈರಿನ ಗುಂಟ ಇಳಿದ ಹನಿ ಜೋಲಿನ ತುದಿಯಲ್ಲಿ ನೆಲಕ್ಕೆ ಬೀಳುತ್ತದೆ, ಸಾಕೆಟ್ಟಿನೊಳಗೆ ಹೋಗುವುದಿಲ್ಲ. ಕಂಟ್ರೋಲರ್ ಡಬ್ಬಿ ತೊಟ್ಟಿಯ ಕೆಳಗೆ ಬೇಡ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿ. ಕರೆಂಟೇ ಹೋದರೆ? ತೊಟ್ಟಿಯ ಹಿಂದೆ ಮತ್ತು ಎರಡು ಪಕ್ಕಕ್ಕೆ ಥರ್ಮಕೋಲ್ ಹಾಳೆ, ಮೇಲೊಂದು ಹಳೇ ಕಂಬಳಿ. ನೂರು ಲೀಟರ್ ನೀರು ಒಂದೆರಡು ಗಂಟೆಯಲ್ಲಿ ತಣ್ಣಗಾಗಿಬಿಡುವುದಿಲ್ಲ. ಬ್ಯಾಟರಿಯ ಏರ್ ಪಂಪ್ ಇದ್ದರೆ ಹಚ್ಚಿ.

ಇಷ್ಟೆಲ್ಲ ಕೇಳಿದ ಮೇಲೆ, ಕಂಟ್ರೋಲರ್ ತಂದು ಹಾಕಿದರೆ ನಿಶ್ಚಿಂತೆ ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಇಬ್ಬರು ಕಾವಲುಗಾರರಲ್ಲಿ ಒಂದು ಪೇಚು ಇದೆ. ಒಬ್ಬ ನಿದ್ದೆಹೋದರೆ ನಮಗೆ ಗೊತ್ತೇ ಆಗುವುದಿಲ್ಲ. 28ರವನು ದಿನವೂ ಸುಮ್ಮನೆ ನಿಂತಿರುತ್ತಾನೆ. ಎಚ್ಚರವಾಗಿ ನಿಂತಿದ್ದಾನೋ, ನಿಂತೇ ಸತ್ತಿದ್ದಾನೋ ಹೇಗೆ ತಿಳಿಯುವುದು?

ಕೇಳಿ ನೋಡಬೇಕು. ನಾನು ಅಮಾವಾಸ್ಯೆಗೊಮ್ಮೆ ಕೇಳುತ್ತೇನೆ. ಕ್ಯಾಲೆಂಡರಿನಲ್ಲಿ ಕಪ್ಪು ಚುಕ್ಕಿ ಕಂಡರೆ ಮರೆಯುವುದಿಲ್ಲ, ಅಷ್ಟೇ ಕಾರಣ. ಮೊದಲು ಕಂಟ್ರೋಲರಿನ ಪರೀಕ್ಷೆ. ಪ್ಲಗ್ಗುಗಳನ್ನು ತೆಗೆದು, ಪ್ರೋಬನ್ನು ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಹಾಕಿ, ಮತ್ತೆ ಕರೆಂಟು ಕೊಡುತ್ತೇನೆ. ಹೀಟರಿನ ದೀಪ ಹತ್ತಬಾರದು. ತಣ್ಣೀರಿನ ಲೋಟಕ್ಕೆ ಹಾಕುತ್ತೇನೆ. ಹತ್ತಬೇಕು. ಆಮೇಲೆ ಹೀಟರಿನ ಪರೀಕ್ಷೆ. ಪ್ಲಗ್ ಕಿತ್ತು, ಕಾಲು ಗಂಟೆ ಆರಲು ಬಿಟ್ಟು, ತೊಟ್ಟಿಯಿಂದ ತೆಗೆದು, 31 ಡಿಗ್ರಿಯ ನೀರಿರುವ ಬಕೆಟ್ಟಿಗೆ ಇಳಿಬಿಡುತ್ತೇನೆ. ಹತ್ತು ನಿಮಿಷ ಬಿಟ್ಟು ನೇರ ಗೋಡೆಯ ಸಾಕೆಟ್ಟಿಗೆ ಹಾಕುತ್ತೇನೆ. ದೀಪ ಹತ್ತಿತೋ, ಚುಕ್ಕಿಗಳು ಬೆಸೆದುಕೊಂಡಿವೆ, ಅಥವಾ ಗುಂಡಿಯ ಅಂಕಿ ಸುಳ್ಳು ಹೇಳುತ್ತಿದೆ. ಯಾವುದಾದರೂ ಸರಿ, ಹೀಟರು ಗುಜರಿಗೆ. ರಿಪೇರಿ ಮಾಡಲು ಕೂರಬೇಡಿ. ನಾನೇ ಮಾಡುವುದಿಲ್ಲ.

ಕಂಟ್ರೋಲರಿನ ಅಂಕಿ ಸರಿಯೇ ಎಂದು ನೋಡಲು ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿ ಪ್ರೋಬ್ ಅದ್ದಿ. ಸೊನ್ನೆಯ ಹತ್ತಿರ ತೋರಬೇಕು. ಒಂದು ಡಿಗ್ರಿ ಹೆಚ್ಚುಕಡಿಮೆ ಇದ್ದರೆ ತಿದ್ದಿಕೊಳ್ಳಲು ಬಹುಪಾಲು ಡಬ್ಬಿಗಳಲ್ಲಿ ಅವಕಾಶ ಇದೆ. ತೊಟ್ಟಿಯೊಳಗೆ ಒಂದು ಸಾದಾ ಗಾಜಿನ ಥರ್ಮಾಮೀಟರು ಯಾವತ್ತೂ ಇರಲಿ. ಜ್ವರ ನೋಡುವುದಲ್ಲ, ಅದು 35ರ ಕೆಳಗೆ ಏನೂ ಹೇಳುವುದಿಲ್ಲ.

ಅಕಸ್ಮಾತ್ ಒಂದು ಬೆಳಿಗ್ಗೆ ನೀರು ಕಾದೇ ಇದ್ದರೆ ಗಾಬರಿಯಲ್ಲಿ ಐಸ್ ಸುರಿಯಬೇಡಿ. ಸ್ವಿಚ್ ಆಫ್ ಮಾಡಿ. ಮುಚ್ಚಳ ತೆಗೆಯಿರಿ. ಏರ್ ಪಂಪ್ ಜೋರು ಮಾಡಿ. ಚೊಂಬಿನಿಂದ ಸ್ವಲ್ಪ ಬಿಸಿನೀರು ತೆಗೆದು, ಕ್ಲೋರಿನ್ ಇಲ್ಲದ ಸ್ವಲ್ಪ ತಣ್ಣೀರು ಸೇರಿಸುತ್ತ ಬನ್ನಿ. ಗಂಟೆಗೆ ಒಂದೆರಡು ಡಿಗ್ರಿ ಇಳಿದರೆ ಸಾಕು.

ಈಗ ನಮ್ಮ ತೊಟ್ಟಿಯಲ್ಲಿ ಮತ್ತೆ ಏಂಜೆಲ್‌ಗಳಿವೆ, ನಾಲ್ಕು. ಆ ಹಳೇ ಸಕ್ಕರ್ ಮೀನೂ ಇದೆ, ಗೇಣುದ್ದ ಬೆಳೆದಿದೆ. ಕಂಟ್ರೋಲರ್ ನಡುಮನೆಯ ಗೋಡೆಯ ಮೇಲೆ ತೂಗುತ್ತಿದೆ. ಮಲಗುವ ಕೋಣೆ ಪಕ್ಕದಲ್ಲೇ. ಚಳಿಗಾಲದ ರಾತ್ರಿ ಎರಡು ಮೂರು ಗಂಟೆಗೊಮ್ಮೆ ರಿಲೇಯ ಸದ್ದು ಗೋಡೆ ದಾಟಿ ಬರುತ್ತದೆ. ಟಿಕ್, ಹತ್ತಿತು. ಬಹಳ ಹೊತ್ತಿನ ಮೇಲೆ ಇನ್ನೊಂದು ಟಿಕ್, ಆರಿತು. ಮೊದಲನೆಯದು ಕೇಳಿದ ಮೇಲೆ ಎರಡನೆಯದು ಕೇಳುವವರೆಗೆ ನನಗೆ ನಿದ್ದೆ ಹತ್ತುವುದಿಲ್ಲ. ಹೋದ ವಾರವೂ ಹಾಗೇ ಕಣ್ಣು ಬಿಟ್ಟುಕೊಂಡು ಬಿದ್ದಿದ್ದೆ. ಹೆಂಡತಿ ಮಗ್ಗುಲು ಬದಲಿಸಿ, ಕಣ್ಣು ತೆರೆಯದೆ ಹೇಳಿದಳು.

“ಆಗ್ಲೇ ಆರ್ತು ರೀ. ನಾನು ಕೇಳಿಸ್ಕೊಂಡೆ. ಮಲಗಿ.”